ಬೇಸ್ ಗಿಟಾರಿಗೆ ಬ್ರಿಡ್ಜ್ ಬಳಿ ಇನ್ನೊಂದು ಪಿಕಪ್: ಮರ ಕೊರೆಸುವ ಮುನ್ನ ಒಂದು ಪ್ರಶ್ನೆ

ವಿರಾಜಪೇಟೆ ಮಂದ್ರ:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 34 ಇಂಚು ತಂತಿಯುದ್ದದ, ಪ್ರಿಸಿಷನ್ ಮಾದರಿಯ ನಾಲ್ಕು ತಂತಿಗಳ ಬೇಸ್ ಗಿಟಾರ್ ಇದೆ. ಅದರಲ್ಲಿರುವುದು ಎರಡು ತುಂಡುಗಳ ಒಂದೇ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಆಯಸ್ಕಾಂತ-ಸುರುಳಿ). ನಮ್ಮ ತಂಡ ಮದುವೆಗಳಲ್ಲಿ ನುಡಿಸುತ್ತದೆ, ಕೊಡಗಿನ ಮದುವೆಯೆಂದ ಮೇಲೆ ವಾಲಗದ ಕುಣಿತವಿಲ್ಲದೆ ರಾತ್ರಿ ಮುಗಿಯುವುದಿಲ್ಲ. ಆ ಓಟದ ತಾಳವನ್ನು ನಾವು ನುಡಿಸಲು ಹೊರಟಾಗ ಡ್ರಮ್, ಕೀಬೋರ್ಡಿನ ಎಡಗೈ ಮತ್ತು ನನ್ನ ಬೇಸ್ ಮೂರೂ ಒಂದೇ ಗುಡುಗಾಗಿ ಬೆರೆತು, ನಾನು ಯಾವ ಸ್ವರ ನುಡಿಸಿದೆನೆಂಬುದು ನನಗೇ ತಿಳಿಯದಂತಾಗುತ್ತದೆ. ಗೆಳೆಯರೊಬ್ಬರು ಬಿಚ್ಚಿಟ್ಟಿದ್ದ ಜಾಝ್ ಬೇಸ್ ಎಂಬ ಇನ್ನೊಂದು ಮಾದರಿಯ ಪಿಕಪ್ಪೊಂದು ಸಿಕ್ಕಿದೆ. ತಂತಿಗಳ ಕೆಳತುದಿ ಕೂರುವ ಬ್ರಿಡ್ಜ್‌ನಿಂದ ಎರಡೂವರೆ ಇಂಚಿನಲ್ಲಿ ಗುಂಡಿ ಕೊರೆದು ಅದನ್ನು ಕೂರಿಸಿಕೊಡಲು ನಮ್ಮೂರಿನ ಬಡಗಿ ಒಪ್ಪಿದ್ದಾರೆ. ಹಾಗೆ ಮಾಡಿದರೆ ನಾದಕ್ಕೆ ಹೊಳಪು ಸೇರುತ್ತದೆಯೇ? ಬಲಗೈಗೆ ಏನಾದರೂ ವ್ಯತ್ಯಾಸ ತಿಳಿಯುತ್ತದೆಯೇ? ಒಮ್ಮೆ ಕೊರೆದ ಮರವನ್ನು ಮತ್ತೆ ತುಂಬಲಾಗದೆಂಬ ಅಳುಕಿನಿಂದ ಕೇಳುತ್ತಿದ್ದೇನೆ.

ಕುದುರೆಸವಾರ:

ಮಡಿಕೇರಿಯಿಂದ ಬರೆಯುತ್ತಿದ್ದೇನೆ. ನಾನು ಮೊದಲು ಕಲಿತದ್ದು ವೀಣೆ. ಅಲ್ಲಿ ಬ್ರಿಡ್ಜ್‌ಗೆ ಕುದುರೆ ಎನ್ನುತ್ತಾರೆ. ಕುದುರೆಯ ಹತ್ತಿರ ಮೀಟಿದರೆ ನಾದ ಚೂಪಾಗಿ ಸಣ್ಣದಾಗುತ್ತದೆಂಬುದು ಮೊದಲ ವಾರದಲ್ಲೇ ಕಿವಿಗೆ ಬೀಳುವ ಪಾಠ. ಪಿಕಪ್ಪಿನ ವಿಷಯದಲ್ಲೂ ಇದೇ ನಡೆಯುತ್ತದೆ, ಆದರೆ ನೀವು "ಹೊಳಪು ಸೇರುತ್ತದೆಯೇ" ಎಂದು ಕೇಳಿದಿರಲ್ಲ, ಅಲ್ಲಿ ನನ್ನ ತಕರಾರಿದೆ.

ತಂತಿಯ ಮೂಲಸ್ವರದ ಕಂಪನ ನಡುಮಧ್ಯದಲ್ಲಿ ಅತಿ ಹೆಚ್ಚು, ಎರಡು ತುದಿಗಳಲ್ಲಿ ಸೊನ್ನೆ. ಮಧ್ಯದಲ್ಲಿರುವುದನ್ನು 1 ಎಂದು ಹಿಡಿದರೆ, ಬಿಟ್ಟ ತಂತಿಯಲ್ಲಿ (ಎಡಗೈಯಿಂದ ಎಲ್ಲೂ ಒತ್ತದ ತಂತಿಯಲ್ಲಿ) ಬ್ರಿಡ್ಜ್‌ನಿಂದ 6 ಇಂಚಿನಲ್ಲಿ, ಅಂದರೆ ಹೆಚ್ಚುಕಡಿಮೆ ನಿಮ್ಮ ಈಗಿನ ಪಿಕಪ್ ಇರುವಲ್ಲಿ, ಅದು ಸುಮಾರು 0.53 ಆಗುತ್ತದೆ, 2.5 ಇಂಚಿನಲ್ಲಿ ಬರೀ 0.23. ಈಗ ನಾಲ್ಕನೆಯ ಹಾರ್ಮೋನಿಕ್ಕನ್ನು, ಅಂದರೆ ಮೂಲಸ್ವರದ ನಾಲ್ಕು ಪಟ್ಟು ವೇಗದಲ್ಲಿ ಕಂಪಿಸುವ ಸ್ವರಾಂಶವನ್ನು, ಅದೇ ರೀತಿ ಲೆಕ್ಕ ಹಾಕಿ ನೋಡಿ: ಎರಡೂ ಜಾಗಗಳಲ್ಲಿ ಅದು 0.8. ಮೇಲಿನ ಸ್ವರಾಂಶ ಇದ್ದಲ್ಲೇ ಇದ್ದು, ಕೆಳಗಿನದು ಅರ್ಧಕ್ಕಿಂತ ಕಡಿಮೆಯಾಯಿತು. ಆದ್ದರಿಂದ ಅಲ್ಲಿ ನಿಮಗೆ ಸಿಗುವ ಹೊಳಪು ಬಹುಮಟ್ಟಿಗೆ ಮಂದ್ರವನ್ನು ಕಳೆದು ಉಳಿದದ್ದು. ನಿಮ್ಮ ತಂಡದಲ್ಲಿ ಕೀಬೋರ್ಡಿನ ಎಡಗೈ ಹಟಮಾರಿಯಾಗಿದ್ದರೆ ಈ ನಷ್ಟವೇ ಲಾಭವಾಗಬಹುದು. ಅವರು ಇಲ್ಲದ ದಿನ ನಿಮ್ಮ ಬೇಸ್ ಬಡಕಲಾಗಿ ಕೇಳಿಸುತ್ತದೆ.

ಎರಡು ಪಿಕಪ್‌ಗಳನ್ನೂ ಪೂರ್ತಿ ತೆರೆದಾಗ ಇನ್ನೊಂದು ಸಂಗತಿ ಎದುರಾಗುತ್ತದೆ. 6 ಮತ್ತು 2.5 ಇಂಚುಗಳಲ್ಲಿ ಬಿಟ್ಟ ತಂತಿಯ ಎಂಟನೆಯ ಹಾರ್ಮೋನಿಕ್ ಒಂದರಲ್ಲಿ ಏರುತ್ತಿರುವಾಗ ಇನ್ನೊಂದರಲ್ಲಿ ಅಷ್ಟೇ ಇಳಿಯುತ್ತಿರುತ್ತದೆ, ಆದ್ದರಿಂದ ಕೂಡಿದಾಗ ಅಳಿಸಿಹೋಗುತ್ತದೆ. 55 ಹರ್ಟ್ಸ್‌ನ ಎ ತಂತಿಯಲ್ಲಿ ಅದು 440 ಹರ್ಟ್ಸ್. ಸ್ವರ ಯಾವುದೆಂದು ಕಿವಿ ಗುರುತಿಸಲು ನೆರವಾಗುವ ಪ್ರದೇಶವೇ ಅದು. ಎರಡು ಪಿಕಪ್ಪಿನ ಬೇಸ್‌ಗಳು ಒಂಟಿಯಾಗಿ ಇಂಪಾಗಿದ್ದು ಗದ್ದಲದಲ್ಲಿ ಕಾಣೆಯಾಗುವುದಕ್ಕೆ ಇದೂ ಒಂದು ಕಾರಣ. ಒಂದು ಪಿಕಪ್ಪಿನ ವಾಲ್ಯೂಮನ್ನು ತುಸು ಇಳಿಸಿದರೆ ಆ ಮಧ್ಯಭಾಗ ಮರಳುತ್ತದೆ. ಫ್ರೆಟ್ (ವೀಣೆಯ ಮೆಟ್ಟಿಲಿನಂಥ ಲೋಹದ ಪಟ್ಟಿ) ಒತ್ತಿದಂತೆ ತಂತಿಯ ಉದ್ದವೇ ಬದಲಾಗುವುದರಿಂದ ಅಳಿಯುವ ಜಾಗವೂ ಬದಲಾಗುತ್ತಾ ಹೋಗುತ್ತದೆ. ಅಂಕಿಗಳನ್ನು ಬಿಟ್ಟ ತಂತಿಗಷ್ಟೇ ನಂಬಿ.

ಗೋಣಿಕೊಪ್ಪದ ಹಳೇ ಬೇಸ್:

ಮೇಲಿನವರ ಗಣಿತಕ್ಕೆ ನನ್ನ ವಿರೋಧವಿಲ್ಲ, ಆದರೆ ಬೆರಳಿನ ಮಾತನ್ನು ಅವರು ಬಿಟ್ಟಿದ್ದಾರೆ. ಪಿಕಪ್ ಎಲ್ಲಿದೆಯೋ ಹೆಬ್ಬೆರಳು ಅಲ್ಲಿ ಕೂರುತ್ತದೆ, ಹೆಬ್ಬೆರಳು ಕೂತಲ್ಲಿಗೆ ಉಳಿದ ಬೆರಳುಗಳು ಹೋಗುತ್ತವೆ. ಬ್ರಿಡ್ಜ್‌ಗೆ ಹತ್ತಿರವಾದಷ್ಟೂ ತಂತಿ ಬಿಗಿಯಾಗಿ ತೋರುತ್ತದೆ: 6 ಇಂಚಿನಲ್ಲಿ ಎಳೆದಷ್ಟೇ ದೂರ 2.5 ಇಂಚಿನಲ್ಲಿ ಎಳೆಯಲು ಎರಡು ಪಟ್ಟಿಗಿಂತ ಹೆಚ್ಚು ಬಲ ಬೇಕು. ವೇಗದ ಹಾಡಿನಲ್ಲಿ ಇದು ಹಿತ, ಏಕೆಂದರೆ ತಂತಿ ಹೆಚ್ಚು ಓಲಾಡದೆ ಮುಂದಿನ ಬೆರಳಿಗೆ ಬೇಗ ಸಿಗುತ್ತದೆ. ಬೇಸ್ ವಾದಕ ಜ್ಯಾಕೋ ಪಾಸ್ಟೋರಿಯಸ್ ಅವರು ಫ್ರೆಟ್ ಕಿತ್ತ ಜಾಝ್ ಬೇಸಿನಲ್ಲಿ ಹಿಂದಿನ ಪಿಕಪ್ಪಿನ ಬಳಿ ನುಡಿಸಿ ಆ ಗಂಟಲಿನಂಥ ನಾದ ತೆಗೆದದ್ದು ಎಲ್ಲರಿಗೂ ಗೊತ್ತು. ಆದರೆ ಮೂರು ಗಂಟೆ ವಾಲಗದ ತಾಳವನ್ನು ಅಲ್ಲಿ ನುಡಿಸಿದರೆ ಮಣಿಕಟ್ಟು ಮಾರನೆಯ ದಿನ ಲೆಕ್ಕ ಕೇಳುತ್ತದೆ.

ಹಾಗಾಗಿ ನೀವು ನಾಳೆಯೇ, ಒಂದು ಪೈಸೆ ಖರ್ಚಿಲ್ಲದೆ, ಈಗಿರುವ ಪಿಕಪ್ಪಿನಲ್ಲೇ ಬಲಗೈಯನ್ನು ಬ್ರಿಡ್ಜ್ ಕಡೆಗೆ ಸರಿಸಿ ನುಡಿಸಿ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಉಳಿದರ್ಧಕ್ಕೆ ಒಂದು ಉಪಾಯ. ತೋಟದಲ್ಲಿ ಸಿಲ್ವರ್ ಓಕ್ ತುಂಡುಗಳಿಗೆ ಬರವಿಲ್ಲ. ಎರಡು ಸಣ್ಣ ತುಂಡುಗಳನ್ನು ತಂತಿಗಳ ಆಚೀಚೆ ನಿಲ್ಲಿಸಿ, ಆ ಪಿಕಪ್ಪನ್ನು ತಲೆಕೆಳಗಾಗಿ ತಂತಿಗಳ ಮೇಲೆ ಬರುವಂತೆ ಅವುಗಳಿಗೆ ಕಟ್ಟಿ, ವೈರನ್ನು ನೇರವಾಗಿ ಜ್ಯಾಕಿಗೆ ಕೊಡಿ. ಅದನ್ನು ಹಿಂದೆ ಮುಂದೆ ಜಾರಿಸುತ್ತಾ ಕೇಳಬಹುದು. ಅದೊಂದನ್ನೇ ಕೇಳಿ, ತಲೆಕೆಳಗಾದಾಗ ಸಂಕೇತವೂ ತಿರುಗುವುದರಿಂದ ಎರಡನ್ನು ಬೆರೆಸಿದರೆ ಮೋಸಹೋಗುತ್ತೀರಿ. ಆಯಸ್ಕಾಂತ ತಂತಿಗೆ ತೀರಾ ಹತ್ತಿರವಾದರೆ ತಂತಿಯನ್ನೇ ಎಳೆದು ಶ್ರುತಿ ಕೆಡಿಸುತ್ತದೆ, ಆದ್ದರಿಂದ ಸುಮಾರು 3 ಮಿಲಿಮೀಟರ್ ಅಂತರದಿಂದ ಆರಂಭಿಸಿ.

ಒಂದು ಸೆಂಟಿಮೀಟರಿಗೆ ಇಷ್ಟು ರಗಳೆ ಏಕೆಂದರೆ, ಗಿಟಾರ್ ತಯಾರಕರಾದ ಫೆಂಡರ್‌ನವರು 1960ರಲ್ಲಿ ತಂದ ಜಾಝ್ ಬೇಸಿನ ಹಿಂದಿನ ಪಿಕಪ್ಪನ್ನು 1970ರ ದಶಕದಲ್ಲಿ ಬ್ರಿಡ್ಜ್ ಕಡೆಗೆ ಸರಿಸಿದ್ದು ಅಷ್ಟೇ ದೂರ, ಆದರೂ ಆ ಎರಡು ಕಾಲದ ನಾದದ ಬಗ್ಗೆ ಜನ ಇಂದಿಗೂ ಜಗಳವಾಡುತ್ತಾರೆ. 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಬೇಸ್ ತನ್ನ ಒಂದೇ ದಪ್ಪ ಪಿಕಪ್ಪನ್ನು ನಿಮ್ಮ ಈಗಿನ ಜಾಗಕ್ಕೂ ಜಾಝ್‌ನ ಹಿಂದಿನ ಜಾಗಕ್ಕೂ ನಡುವೆ ಇಟ್ಟಿತು. ನೀವೂ ಆ ನಡುವನ್ನೇ ಹುಡುಕಿದರೆ ಒಳ್ಳೆಯದೆಂದು ನನಗನ್ನಿಸುತ್ತದೆ.

ಕುದುರೆಸವಾರ:

ಉಪಾಯ ಚೆನ್ನಾಗಿದೆ, ಒಪ್ಪಿದೆ. ಒಂದು ಎಚ್ಚರಿಕೆ ಸೇರಿಸುತ್ತೇನೆ: ನಿಮ್ಮ ಎರಡು ತುಂಡಿನ ಪಿಕಪ್ ಗುಂಯ್‌ಗುಡುವಿಕೆಯನ್ನು ತಾನೇ ಅಳಿಸಿಕೊಳ್ಳುತ್ತದೆ, ಸಾಮಾನ್ಯ ಜಾಝ್ ಪಿಕಪ್ ಒಂಟಿ ಸುರುಳಿಯದು, ಹಾಗೆ ಮಾಡುವುದಿಲ್ಲ. ಟ್ಯೂಬ್‌ಲೈಟ್‌ಗಳಿಂದ ತುಂಬಿದ ಕಲ್ಯಾಣ ಮಂಟಪದಲ್ಲಿ 50 ಹರ್ಟ್ಸ್‌ನ ಗುಂಯ್ ನಿಮ್ಮ ಜೊತೆಗೆ ಬರುತ್ತದೆ. ಕೂರಿಸಿದ ಮೇಲೆ ಎರಡನ್ನೂ ಸೇರಿಸಿದಾಗ ಮಂದ್ರವೇ ಮಾಯವಾದರೆ ಗಾಬರಿಯಾಗಬೇಡಿ, ಒಂದರ ಎರಡು ವೈರುಗಳನ್ನು ಅದಲುಬದಲು ಮಾಡಿ.

ವಿರಾಜಪೇಟೆ ಮಂದ್ರ:

ಇಬ್ಬರಿಗೂ ಧನ್ಯವಾದಗಳು. ಭಾನುವಾರ ಕಾಫಿ ಕಣದ ಪಕ್ಕದ ಕೋಣೆಯಲ್ಲಿ ಆಂಪ್ಲಿಫೈಯರ್ ಇಟ್ಟು, ಸಿಲ್ವರ್ ಓಕ್ ತುಂಡುಗಳ ಮೇಲೆ ಪಿಕಪ್ ಕಟ್ಟಿ, ಕೀಬೋರ್ಡಿನವರನ್ನೂ ಕರೆಸಿ ಕೇಳಿದೆ. ಎರಡೂವರೆ ಇಂಚಿನಲ್ಲಿ ಸ್ವರಗಳು ಬಿಡಿಬಿಡಿಯಾಗಿ ಕೇಳಿಸಿದವು, ಆದರೆ ಇ ತಂತಿ ಸೊರಗಿತು. ಮೂರೂವರೆಗೆ ಜಾರಿಸಿದಾಗ ಇ ತಂತಿಗೆ ಮೈ ಬಂತು, ಹೆಬ್ಬೆರಳು ಕೂರುವ ಜಾಗವೂ ಮಣಿಕಟ್ಟಿಗೆ ಒಗ್ಗಿತು. ಕೈಯನ್ನು ಮಾತ್ರ ಸರಿಸಿ ನುಡಿಸಿದಾಗಲೂ ಗಣನೀಯ ವ್ಯತ್ಯಾಸ ಬಂದದ್ದು ನಿಜ, ಅದಕ್ಕಾಗಿ ಮುಂದಿನ ಎರಡು ಮದುವೆಗಳಿಗೆ ಅಷ್ಟರಲ್ಲೇ ಸಾಗಿಸುತ್ತೇನೆ. ಈ ಕಕ್ಕಡ ತಿಂಗಳ ಮಳೆಯಲ್ಲಿ ಮರವೂ ತೇವ ಹೀರಿರುವುದರಿಂದ, ಕೊರೆಯುವ ಕೆಲಸವನ್ನು ಸುಗ್ಗಿಯ ಹಬ್ಬ ಪುತ್ತರಿ ಕಳೆದ ಮೇಲೆ ಇಟ್ಟುಕೊಳ್ಳೋಣವೆಂದು ಬಡಗಿಗೆ ಹೇಳಿದ್ದೇನೆ. ಮೂರೂವರೆ ಇಂಚಿನ ಗುರುತನ್ನು ಪೆನ್ಸಿಲ್ಲಿನಲ್ಲಿ ಹಾಕಿಟ್ಟಿದ್ದೇನೆ.