ಆಫ್ ಮಾಡಿದ್ರೂ ಎಲ್‌ಇಡಿ ಬಲ್ಬು ಪಿಚಕ್ ಪಿಚಕ್ ಅಂತ ಮಿಂಚ್ತಿದೆ, ತಲೆ ಕೆಟ್ಟೋಗಿದೆ

ಮಿಣುಕುಹುಳ:
ಮೂರು ವಾರದಿಂದ ಇದ್ರ ಹಿಂದೆ ಬಿದ್ದಿದೀನಿ. ಮನೆ ಪೂರ್ತಿ ಲೈಟ್ ಆಟೊಮೇಷನ್ ನಾನೇ ಮಾಡ್ಕೊಳ್ಳೋ ಪ್ಲಾನು, ಒಟ್ಟು 14 ಪಾಯಿಂಟು, ಮೊದ್ಲು ಟ್ರಯಲ್‌ಗೆ ಅಂತ ಹಾಲಿನ 4 ಬಲ್ಬಿಗೆ ಕೂರಿಸ್ದೆ. ನೋಡ್‌ಎಂಸಿಯು ವೈಫೈ ಬೋರ್ಡು, ಅದು ಹೇಳಿದಂಗೆ ಬಲ್ಬ್ ಆನ್-ಆಫ್ ಮಾಡೋ 4 ಚಾನಲ್ ರಿಲೇ ಬೋರ್ಡು, ಒಳಗೆ ಟಾಸ್ಮೋಟ ಫರ್ಮ್‌ವೇರ್. ಆನ್ ನೆಟ್ಟಗೆ ಆಗುತ್ತೆ, ಆಫ್ ಮಾಡಿದ್ಮೇಲೆ ಎರಡ್ಮೂರು ಸೆಕೆಂಡಿಗೊಂದ್ಸಲ ಮಿಂಚುತ್ತೆ, ಮೂರು ಬಲ್ಬಿಂದು ಈ ಕಥೆ, ನಾಲ್ಕನೇದು ಮಂಕಾಗಿ ಉರೀತಾನೇ ಇರುತ್ತೆ. ರಾತ್ರಿ ನೀರು ಕುಡಿಯೋಕೆ ಎದ್ದ ಅಮ್ಮ ಹೆದರಿ ಲೋಟ ಬೀಳಿಸಿದ್ರು. ಫರ್ಮ್‌ವೇರ್ ಎರಡ್ಸಲ ಹಾಕಿದ್ದಾಯ್ತು, ರೂಟರ್ ಜಾಗ ಬದಲಾಯಿಸಿದ್ದಾಯ್ತು. ವೈರಿಂಗ್ ಎಲ್ಲಾ ಸರಿಯಾಗೇ ಇದೆ.

ಪಿನ್‌ಪಂಡಿತ:
ನೂರಕ್ಕೆ ನೂರು ಬೂಟ್ ಪಿನ್ ಸಮಸ್ಯೆ. ಬೋರ್ಡಿನ ಡಿ3, ಡಿ4, ಡಿ8 ಪಿನ್‌ಗೆ ರಿಲೇ ಕೊಟ್ಟಿರ್ತೀರ. ಚಿಪ್ಪಿನ ಲೆಕ್ಕದಲ್ಲಿ ಅವು ಜಿಪಿಐಒ 0, 2, 15. ಬೋರ್ಡ್ ಏಳೋ ಹೊತ್ತಲ್ಲಿ ಅವುಗಳ ಲೆವೆಲ್ ನೋಡಿ ಚಿಪ್ಪು ಹೇಗೆ ಬೂಟ್ ಆಗ್ಬೇಕು ಅಂತ ತೀರ್ಮಾನ ಮಾಡುತ್ತೆ. ಡಿ1, ಡಿ2, ಡಿ5, ಡಿ6ಕ್ಕೆ ಬದಲಾಯಿಸಿ.

ಮಿಣುಕುಹುಳ:
ಬದಲಾಯಿಸ್ದೆ. ಅದೇ ಕಥೆ.

ಪಿನ್‌ಪಂಡಿತ:
ಹಾಗಾದ್ರೆ ಬೋರ್ಡು ಪದೇ ಪದೇ ರೀಬೂಟ್ ಆಗ್ತಿದೆ, 5 ವೋಲ್ಟ್ ಅಡಾಪ್ಟರ್ ವೀಕು. ಸೀರಿಯಲ್ ಲಾಗ್ (ಬೋರ್ಡು ಕಂಪ್ಯೂಟರ್‌ಗೆ ಕಳಿಸೋ ಮೆಸೇಜು) ಇಲ್ಲಿ ಹಾಕಿ.

ಬೆಸುಗೆಬಸ್ಯ:
ಟಾಸ್ಮೋಟ ಬಿಟ್ಟು ಇಎಸ್‌ಪಿಹೋಮ್ ಫರ್ಮ್‌ವೇರ್‌ಗೆ ಬನ್ನಿ ಗುರು, ಯಾಮಲ್ ಅನ್ನೋ ಸೆಟ್ಟಿಂಗ್ ಫೈಲಲ್ಲಿ ನಾಲ್ಕು ಸಾಲು ಬರೆದ್ರೆ ಮುಗೀತು.

ಪಿನ್‌ಪಂಡಿತ:
ಅದರಲ್ಲಿ ಒಂದು ಸ್ಪೇಸ್ ಹೆಚ್ಚುಕಮ್ಮಿ ಆದ್ರೆ ಅರ್ಧ ರಾತ್ರಿ ಹೋಗುತ್ತೆ, ಅದನ್ನೂ ಹೇಳಪ್ಪ.

ಬೆಸುಗೆಬಸ್ಯ:
ಸ್ಪೇಸ್ ನೆಟ್ಟಗೆ ಹೊಡೆಯೋಕೆ ಬರದವರಿಗೆ ಬೆಸುಗೆ ಹೇಗೆ ಬರುತ್ತೋ ಏನೋ.

ವೈರ್‌ಮನ್72:
ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದೀರಲ್ಲ ಇಬ್ರೂ. ಮಿಣುಕುಹುಳ ಅವ್ರೇ, ಎರಡೇ ಪ್ರಶ್ನೆ. ನೋಡ್‌ಎಂಸಿಯು ಪವರ್ ಪೂರ್ತಿ ಕಿತ್ತರೂ ಮಿಂಚುತ್ತಾ? ಆನ್ ಆಗುವಾಗ ರಿಲೇ ಟಕ್ ಅನ್ನುತ್ತಾ?

ಮಿಣುಕುಹುಳ:
ಹಾಂ, ಕಿತ್ತರೂ ಮಿಂಚುತ್ತೆ, ಹೇಳೋದು ಮರ್ತಿದ್ದೆ. ಟಕ್ ಅನ್ನಲ್ಲ, ಸದ್ದು ಬೇಡ ಅಂತಾನೇ ಈ ಬೋರ್ಡ್ ತಗೊಂಡಿದ್ದು, ಕಪ್ಪಗೆ ಚಪ್ಪಟೆ ಬಿಲ್ಲೆ ತರದ್ದು ನಾಲ್ಕಿದೆ. ಅದೂ ರಿಲೇನೇ ಅಲ್ವಾ?

ವೈರ್‌ಮನ್72:
ಇದನ್ನ ಮೊದಲನೇ ಪೋಸ್ಟಲ್ಲೇ ಹೇಳಿದ್ರೆ ಮೂರು ವಾರ ಉಳೀತಿತ್ತು. ಅದು ಎಸ್‌ಎಸ್‌ಆರ್, ಸಾಲಿಡ್ ಸ್ಟೇಟ್ ರಿಲೇ. ಒಳಗೆ ಕೂಡಿ ಬಿಡೋ ಕಾಂಟ್ಯಾಕ್ಟ್ ಇಲ್ಲ, ಟ್ರಯಾಕ್ ಅನ್ನೋ ಸೆಮಿಕಂಡಕ್ಟರ್ ಸ್ವಿಚ್ ಇರುತ್ತೆ, ಸಾಮಾನ್ಯವಾಗಿ ಅದರ ಅಡ್ಡಕ್ಕೆ ಸ್ನಬ್ಬರ್ (ವೋಲ್ಟೇಜ್ ಏಟು ತಡೆಯೋ ರೆಸಿಸ್ಟರ್-ಕೆಪಾಸಿಟರ್ ಜೋಡಿ) ಕೂಡ. ಆಫ್ ಇದ್ರೂ ಚೂರು ಕರೆಂಟ್ ಸೋರುತ್ತೆ. ಹಳೇ 60 ವ್ಯಾಟ್ ಫಿಲಮೆಂಟ್ ಬಲ್ಬಿಗೆ ಅದು ಲೆಕ್ಕಕ್ಕೇ ಇಲ್ಲ, ಎಲ್‌ಇಡಿ ಬಲ್ಬಿನ ಡ್ರೈವರ್‌ನಲ್ಲಿ, ಅಂದ್ರೆ ಒಳಗಿರೋ ಪವರ್ ಸರ್ಕ್ಯೂಟಲ್ಲಿ ಮಾತ್ರ ಕೆಪಾಸಿಟರ್ ಕೂತಿದೆ, ಸೋರಿದ್ದನ್ನೆಲ್ಲ ಹನಿ ಹನಿ ತುಂಬಿಸ್ಕೊಂಡು, ಡ್ರೈವರ್ ಏಳೋಷ್ಟು ವೋಲ್ಟೇಜ್ ಆದ ತಕ್ಷಣ ಪಿಚಕ್ ಅಂತ ಬಿಡುತ್ತೆ, ಖಾಲಿಯಾಗುತ್ತೆ, ಮತ್ತೆ ತುಂಬಿಸುತ್ತೆ. ಡ್ರೈವರ್ ಬೇರೆ ಥರ ಇದ್ರೆ ಮಂಕಾಗಿ ಉರಿಯುತ್ತೆ, ನಿಮ್ಮ ನಾಲ್ಕನೇದು ಅದು. ನಾಲ್ಕರಲ್ಲಿ ಒಂದು ಕಿತ್ತು ಫಿಲಮೆಂಟ್ ಬಲ್ಬ್ ಹಾಕಿ ನೋಡಿ, ಸದ್ದಿಲ್ದೆ ಕೂತಿರುತ್ತೆ.

ಮಿಣುಕುಹುಳ:
ಹಾಕ್ದೆ, ಮಿಂಚ್ತಿಲ್ಲ!! ಆದ್ರೆ ಬಲ್ಬ್ ತೆಗೆದು ಹೋಲ್ಡರ್‌ಗೆ ಮೀಟರ್ ಇಟ್ರೆ ಆಫ್ ಇದ್ದಾಗ್ಲೂ 200ರ ಮೇಲೆ ತೋರಿಸ್ತಿದೆ, ರಿಲೇ ಸುಟ್ಟಿದ್ಯಾ?

ವೈರ್‌ಮನ್72:
ಇಲ್ಲ. ಡಿಜಿಟಲ್ ಮೀಟರ್ ಹೆಚ್ಚೂಕಮ್ಮಿ ಏನೂ ಕರೆಂಟ್ ಎಳೆಯಲ್ಲ, ಸೋರಿಕೇನೇ ಪೂರ್ತಿ ವೋಲ್ಟೇಜ್ ಥರ ಕಾಣುತ್ತೆ. ಹಾಗಂತ ಎಸ್‌ಎಸ್‌ಆರ್ ಆಫ್ ಇದೆ ಅಂದ್ಕೊಂಡು ಹೋಲ್ಡರ್‌ಗೆ ಕೈ ಹಾಕ್ಬೇಡಿ, ಎಂಸಿಬಿ ಇಳಿಸಿ, ಟೆಸ್ಟ್ ಮಾಡಿ, ಆಮೇಲೆ ಕೆಲಸ. ಬಲ್ಬಿನ ಪ್ಯಾರಲಲ್‌ಗೆ 0.1 ಮೈಕ್ರೋಫ್ಯಾರಡ್ ಎಕ್ಸ್2 (ಮೇನ್ಸ್‌ಗೆ ಅಂತಾನೇ ಮಾಡಿರೋ) ಕೆಪಾಸಿಟರ್, ಅದಕ್ಕೆ ಸೀರೀಸಲ್ಲಿ 100 ಓಮ್ 1 ವ್ಯಾಟ್ ರೆಸಿಸ್ಟರ್. ಸಾಲದಿದ್ರೆ 0.22. ಎಕ್ಸ್2 ಅಂತ ಮೇಲೆ ಬರೆದಿರ್ಬೇಕು, ಡಬ್ಬೀಲಿ ಬಿದ್ದಿರೋ ಯಾವುದೋ ಕೆಪಾಸಿಟರ್ ಮೇನ್ಸ್‌ಗೆ ಹಾಕೀರ.

ಉಳಿದ 10 ಪಾಯಿಂಟಿಗಂತೂ ಟಕ್ ಅನ್ನೋ ರಿಲೇನೇ ಹಾಕಿ. ಅದರಲ್ಲಿ ಕಾಮನ್, ಎನ್‌ಒ (ರಿಲೇ ಆಫ್ ಇದ್ದಾಗ ಬಿಟ್ಟಿರೋದು), ಎನ್‌ಸಿ (ಆಫ್ ಇದ್ದಾಗ ಕೂಡಿರೋದು) ಮೂರೂ ಸಿಗುತ್ತೆ, ಗೋಡೆ ಸ್ವಿಚ್ ತೆಗೆದು ಟೂ-ವೇ ಸ್ವಿಚ್ ಕೂರಿಸಿ ಅದರ ಜತೆ ಜೋಡಿಸಿದ್ರೆ ನೋಡ್ ಸತ್ತರೂ ಕೈಯಲ್ಲಿ ಲೈಟ್ ಹಾಕಬಹುದು. ಎಸ್‌ಎಸ್‌ಆರ್‌ಗೆ ಬಲ್ಬಿನ ಕಡೆ ಎರಡೇ ಕಾಲು, ಈ ಆಟ ನಡೆಯಲ್ಲ.

ಪಿನ್‌ಪಂಡಿತ:
ಆದ್ರೂ ಅಡಾಪ್ಟರ್ ಒಮ್ಮೆ ಚೆಕ್ ಮಾಡಿ.

ಬೆಸುಗೆಬಸ್ಯ:
ನಮ್ಮನೇಲಿ 38 ಜಿಗ್‌ಬೀ ವೈರ್‌ಲೆಸ್ ಡಿವೈಸ್ ಇದಾವೆ, ಒಂದೂ ಮಿಂಚಿಲ್ಲ. ಬಾಗಿಲು ತೆಗೆದ್ರೆ ಚಪ್ಪಲಿ ಸ್ಟ್ಯಾಂಡ್ ಲೈಟ್ ತಾನೇ ಹತ್ತುತ್ತೆ.

ಮಿಣುಕುಹುಳ:
ವೈರ್‌ಮನ್ ಅಣ್ಣ, ಕೈ ಮುಗೀತೀನಿ. 0.1ಕ್ಕೆ ಮೂರು ಸುಮ್ನಾದ್ವು, ಮಂಕಾಗಿ ಉರೀತಿದ್ದದ್ದಕ್ಕೆ 0.22 ಬೇಕಾಯ್ತು. ಅಮ್ಮಂಗೂ ತೋರಿಸ್ದೆ, ನಂಬಿಲ್ಲ. ಇನ್ನೊಂದು, ಮೆಟ್ಟಿಲ ಹತ್ರದ ಬಲ್ಬೂ ಆಫ್ ಇದ್ದಾಗ ಸಣ್ಣಗೆ ಉರಿಯುತ್ತೆ, ಅದಕ್ಕೆ ಇನ್ನೂ ನಾನು ಕೈಯೇ ಹಚ್ಚಿಲ್ಲ, ಬರೀ ಗೋಡೆ ಸ್ವಿಚ್ಚು.

ವೈರ್‌ಮನ್72:
ಮೇಲೊಂದು ಕೆಳಗೊಂದು ಸ್ವಿಚ್ ಇರೋ ಟೂ-ವೇ ಅಲ್ವಾ? ಉದ್ದಕ್ಕೂ ಅಕ್ಕಪಕ್ಕ ಓಡೋ ವೈರಿಂದ ಪಕ್ಕದ್ದಕ್ಕೆ ಚೂರು ಕರೆಂಟ್ ಹಾಯುತ್ತೆ. ಅಥ್ವಾ ಯಾರೋ ಸ್ವಿಚ್ಚಿಗೆ ಫೇಸ್ ಬದಲು ನ್ಯೂಟ್ರಲ್ ಕೊಟ್ಟಿರ್ತಾರೆ, ಅದಾದ್ರೆ ಅಪಾಯ. ಎಂಸಿಬಿ ಇಳಿಸಿ, ಎರಡೂ ಬಾಕ್ಸ್ ಬಿಚ್ಚಿ, ಯಾವ ವೈರ್ ಎಲ್ಲಿಗೆ ಹೋಗಿದೆ ಬರೀರಿ.

ಮಿಣುಕುಹುಳ:
ವೈರಿಂಗ್ ಮಾಮೂಲಿ ತರಾನೇ ಇದೆ ಅಣ್ಣ.