ಫೆಸ್ಟಸ್ ವೇಷಕ್ಕೆ ಬಲಿಯಾದ ಕಂಠ? ಕೆನ್ ಕರ್ಟಿಸ್ ಬಗ್ಗೆ ಚರ್ಚೆ

ಹಳೇ_ರೆಕಾರ್ಡು:
ಅಮೆರಿಕದ ‘ಗನ್‌ಸ್ಮೋಕ್’ ಅನ್ನೋ ಕೌಬಾಯ್ ಟಿವಿ ಧಾರಾವಾಹಿ ನೋಡಿದವರಿಗೆ ಫೆಸ್ಟಸ್ ಗೊತ್ತಿರುತ್ತೆ. ಡಾಡ್ಜ್ ಸಿಟಿಯಲ್ಲಿ ಕಾನೂನು ಕಾಯೋ ಮಾರ್ಷಲ್ ಮ್ಯಾಟ್ ಡಿಲನ್ ಹಿಂದೆ ಹೇಸರಗತ್ತೆ ಏರಿ ಬರೋನು, ಒಂದು ಕಣ್ಣು ಕಿರಿದು ಮಾಡಿ ಒಡಕು ದನೀಲಿ ಡಾಕ್ಟರ್ ಜೊತೆ ಜಗಳ ಕಾಯೋ ಗಡ್ಡದವನು. ಆ ಪಾತ್ರ ಮಾಡಿದ ಕೆನ್ ಕರ್ಟಿಸ್ ಅಸಲಿಗೆ ಗಾಯಕ. ಬೆಣ್ಣೆಯಂಥ ಕಂಠ. ಟ್ರಂಬೋನ್ ಅನ್ನೋ ಊದುವಾದ್ಯ ನುಡಿಸ್ತಿದ್ದ ಟಾಮಿ ಡಾರ್ಸಿ ಬ್ಯಾಂಡಲ್ಲಿ ಖ್ಯಾತ ಗಾಯಕ ಫ್ರಾಂಕ್ ಸಿನಾತ್ರಾ ಜಾಗಕ್ಕೆ ಬಂದವನು, 1949ರಿಂದ 1952ರವರೆಗೆ ಸನ್ಸ್ ಆಫ್ ದ ಪಯನಿಯರ್ಸ್ ಅನ್ನೋ ಕೌಬಾಯ್ ಹಾಡುಗಾರರ ತಂಡದಲ್ಲಿ ಹಾಡಿದವನು. ಟಿವಿ ಆ ಕಂಠಾನ ಹಾಳು ಮಾಡ್ತು ಅಂತ ನನ್ನ ವಾದ.

ಮ್ಯಾಟಿನಿ_ಮಂಜ:
“ಹಾಳು” ಅಂತೀಯಾ ಗುರು? 1964ರಿಂದ ಖಾಯಂ ಆಗಿ ಬಂದು 1975ರಲ್ಲಿ ಧಾರಾವಾಹಿ ಮುಗಿಯೋವರೆಗೂ ಇದ್ದ. 20 ಸೀಸನ್, 635 ಕಂತು ಓಡಿದ ಧಾರಾವಾಹಿ ಅದು. 1945ರಿಂದ ಕೊಲಂಬಿಯಾ ಸಿನಿಮಾ ಸ್ಟುಡಿಯೋದವರು ಇವನನ್ನ ಹಾಡೋ ಕೌಬಾಯ್ ಮಾಡಿ ಸಾಲಾಗಿ ಸಿನಿಮಾ ತೆಗೆದ್ರು. ಅಂಥದೇ ಹಾಡೋ ಕೌಬಾಯ್‌ಗಳಾದ ಜೀನ್ ಆಟ್ರಿ, ರಾಯ್ ರೋಜರ್ಸ್ ಜನಕ್ಕೆ ನೆನಪಿದ್ದಾರೆ. ಇವನ ಆ ಸಿನಿಮಾ ಒಂದರ ಹೆಸರು ಹೇಳು ನೋಡೋಣ.

ಸ್ವರಲಿಪಿ:
ಸ್ವಲ್ಪ ನಿಲ್ಲಿ. “ಸಿನಾತ್ರಾ ಜಾಗಕ್ಕೆ ಬಂದವನು” ಅಂತ ಯಾರು ಹೇಳಿದ್ದು? ಸಿನಾತ್ರಾ ಡಾರ್ಸಿ ಬ್ಯಾಂಡ್ ಬಿಟ್ಟಿದ್ದು 1942ರ ಸೆಪ್ಟೆಂಬರಲ್ಲಿ. ಆ ಜಾಗಕ್ಕೆ ಬಂದಿದ್ದು ಡಿಕ್ ಹೇಮ್ಸ್. ಕರ್ಟಿಸ್ ಅಲ್ಲಿದ್ದಿದ್ದು 1941ರಲ್ಲಿ. ಖಾಲಿನೇ ಆಗದ ಕುರ್ಚೀಲಿ ಹೋಗಿ ಕೂತನಾ?

ಹಳೇ_ರೆಕಾರ್ಡು:
1941ರಲ್ಲಿ ಅಲ್ಲಿದ್ದ ಅಂತ ನೀವೇ ಒಪ್ಪಿದ್ರಲ್ಲ, ಸಂತೋಷ. ಸಿನಾತ್ರಾ ಯಾವಾಗ ಬೇಕಾದ್ರೂ ಕೈ ಕೊಡಬಹುದು ಅಂತಲೇ ಡಾರ್ಸಿ ಇವನನ್ನ ಸೇರಿಸ್ಕೊಂಡಿದ್ದು. ಕರ್ಟಿಸ್ ವೇಯ್ನ್ ಗೇಟ್ಸ್ ಅನ್ನೋ ಹೆಸರು ತೆಗೆಸಿ ಕೆನ್ ಕರ್ಟಿಸ್ ಅಂತ ಇಟ್ಟಿದ್ದೂ ಡಾರ್ಸಿನೇ. ಬಂದು ಹೋಗೋ ಹುಡುಗನಿಗೆ ಯಾರ್ರೀ ನಾಮಕರಣ ಮಾಡ್ತಾರೆ?

ಸ್ವರಲಿಪಿ:
ನಾಮಕರಣ ಆದವರಿಗೆಲ್ಲ ಪಟ್ಟಾಭಿಷೇಕ ಆಗುತ್ತಾ? ಮುಂದಿನ ವರ್ಷ ಶೆಪ್ ಫೀಲ್ಡ್ಸ್ ಬ್ಯಾಂಡಿಗೆ ಹೋದ, ಅದಾದ ಮೇಲೆ ಸೈನ್ಯಕ್ಕೆ. ನಿಮ್ಮ ಮೂಲ ವಾಕ್ಯದಲ್ಲಿರೋದು “ಬಂದವನು”. “ಬರಬಹುದಿದ್ದವನು” ಅಂತ ತಿದ್ದಿ.

ಕಡಲತಡಿ_ಕಿಟ್ಟಣ್ಣ:
ಮಾರಾಯ್ರೆ, ಕುರ್ಚಿ ವಿಷಯ ಅಲ್ಲಿರಲಿ. ಆಸಾಮಿ ಸಿನಿಮಾ ನಿರ್ದೇಶಕ ಜಾನ್ ಫೋರ್ಡನ ಅಳಿಯ, ಅದನ್ನು ಯಾಕೆ ಯಾರೂ ಹೇಳುವುದಿಲ್ಲ? ಫೋರ್ಡನ 1956ರ ‘ದ ಸರ್ಚರ್ಸ್’ನಲ್ಲಿ ಜಾನ್ ವೇಯ್ನ್ ಜೊತೆ ಪಾತ್ರ ಸುಮ್ಮನೆ ಸಿಕ್ಕಿತಾ? ಮಾವನ ಕೃಪೆ.

ಧಾರವಾಡ_ಪೇಢೆ:
ಅಳಿಯ ಅಂದ್ರ ಎಲ್ಲಾ ಮುಗೀತೇನ್ರಿ? ಪಯನಿಯರ್ಸ್ ತಂಡದ ಜೋಡಿ ಫೋರ್ಡನ ‘ರಿಯೋ ಗ್ರಾಂಡೆ’ದಾಗ ಹಾಡಿದ್ದು 1950ರಾಗ. ಲಗ್ನ ಆಗಿದ್ದು 1952ರಾಗ. 1964ರಾಗ ಡೈವೋರ್ಸ್ ಆತು, ಅದೇ ವರ್ಷ ಫೆಸ್ಟಸ್ ಖಾಯಂ ಆದ. ಮಾವನ ಸಂಬಂಧ ಹೋದ ಮ್ಯಾಲೆ ಕೃಪಾ ಬಂತೇನು?

ಕಡಲತಡಿ_ಕಿಟ್ಟಣ್ಣ:
“ಲಗ್ನ ಆಗಿದ್ದು 1952” ಅಂತ ನೀವೇ ಹೇಳಿದಿರಿ. ‘ದ ಸರ್ಚರ್ಸ್’ 1956. ಲೆಕ್ಕ ನನ್ನ ಪರವಾಗಿಯೇ ಉಂಟು.

ಶಶಿಕಲಾ_ಎಚ್:
ಹಾಳಾಯ್ತು ಅನ್ನೋರಿಗೆ ಒಂದು ವಿಷಯ. ಇವನ ಅಪ್ಪ ಕೊಲೊರಾಡೋದ ಲಾಸ್ ಅನಿಮಾಸ್‌ನಲ್ಲಿ ಶೆರಿಫ್, ಅಂದ್ರೆ ಪೊಲೀಸ್ ಮುಖ್ಯಸ್ಥ. ಮನೆ ಇದ್ದಿದ್ದು ಜೈಲಿನ ಕಟ್ಟಡದಲ್ಲೇ, ಕೈದಿಗಳಿಗೆ ಅಡುಗೆ ಮಾಡ್ತಿದ್ದಿದ್ದು ಅಮ್ಮ. ಬೇಲಿಗೆ ಸೀಡರ್ ಮರದ ಗೂಟ ಕಡಿದು ಮಾರೋ ಒಬ್ಬ ಪೇಟೆಗೆ ಬಂದಾಗೆಲ್ಲ ಕುಡಿದು ಬಿದ್ದು ಆ ಜೈಲು ಸೇರ್ತಿದ್ದ. ಸೀಡರ್ ಜ್ಯಾಕ್ ಅಂತಿದ್ರು. ಫೆಸ್ಟಸ್ ಹುಟ್ಟಿದ್ದು ಅವನಿಂದ ಅಂತ ಕರ್ಟಿಸ್‌ನೇ ಹೇಳಿಕೊಂಡಿದ್ದಾನೆ. ಹುಡುಗನಾಗಿದ್ದಾಗ ಕೇಳಿದ ದನಿ, ಎಳೆತ ಎಲ್ಲ ನೆನಪಿಟ್ಟು ವರ್ಷಗಟ್ಟಲೆ ಶ್ರುತಿ ತಪ್ಪದ ಹಾಗೆ ಆ ಒಡಕು ದನೀಲೇ ಮಾತಾಡಿದ. ಗಾಯಕನ ಕಿವಿ ಇಲ್ದಿದ್ರೆ ಅದು ಆಗೋ ಮಾತಲ್ಲ. ಹಾಡೋದನ್ನೂ ಬಿಟ್ಟಿರ್ಲಿಲ್ಲ. ಡಾಕ್ಟರ್ ಪಾತ್ರದ ಮಿಲ್ಬರ್ನ್ ಸ್ಟೋನ್ ಜೊತೆ ರೋಡಿಯೋ ಅನ್ನೋ ಕೌಬಾಯ್ ಪಂದ್ಯಗಳಿಗೆ ಹೋಗಿ ವೇದಿಕೇಲಿ ಹಾಡ್ತಿದ್ದ.

ಹಳೇ_ರೆಕಾರ್ಡು:
“ಒಡಕು ದನಿ” ಅಂತ ನೀವೇ ಬರೆದ್ರಿ ಮೇಡಂ. ಅಷ್ಟೇ ನನ್ನ ವಾದ.

ಸ್ವರಲಿಪಿ:
ಸಿನಾತ್ರಾ ವಿಷಯ ಹಾಗೇ ಜಾರಿಸಿಬಿಟ್ರಿ.

ಹಳೇ_ರೆಕಾರ್ಡು:
ನೋಡಿ, ಇಸವಿ ಉರು ಹೊಡೆದವರೆಲ್ಲ ಸಂಗೀತ ಬಲ್ಲವರಾಗಲ್ಲ. ಮೈಕ್ ಹತ್ತಿರ ಮೆಲುದನೀಲಿ ಹಾಡೋ ಆ ಕಾಲದ ಕ್ರೂನರ್ ಶೈಲಿ ಏನು, ಟ್ರಂಬೋನ್ ಹಿಂದೆ ಉಸಿರು ಹಿಡಿಯೋದು ಏನು ಅಂತ ಗೊತ್ತಾ ನಿಮಗೆ? ಎಲ್ಲ ಚರ್ಚೇಲೂ ಬಂದು ಬರೀ ತಾರೀಖು ಕೆದಕೋದು! ಸಾಕಾಗಿದೆ.

ಸ್ವರಲಿಪಿ:
ಉಸಿರು ಹಿಡಿಯೋದನ್ನ ಡಾರ್ಸಿ ಟ್ರಂಬೋನ್ ಊದೋದು ನೋಡಿ ಕಲಿತೆ ಅಂದಿದ್ದು ಸಿನಾತ್ರಾ. ಅದನ್ನೂ ಕರ್ಟಿಸ್ ಖಾತೆಗೆ ಹಾಕ್ತಿದ್ದೀರಾ? 1942ರ ಸೆಪ್ಟೆಂಬರ್ ಮುಗಿದ ಮೇಲೆ ಡಾರ್ಸಿ ಮೈಕ್ ಮುಂದೆ ನಿಂತಿದ್ದು ಯಾರು? ಒಂದು ಹೆಸರು ಸಾಕು.

ಮ್ಯಾಟಿನಿ_ಮಂಜ:
ನನ್ನ ಪ್ರಶ್ನೆಗೂ ಉತ್ತರ ಬಂದಿಲ್ಲ. ಒಂದು ಸಿನಿಮಾ ಹೆಸರು ಕೇಳಿದ್ದೆ. 1959ರಲ್ಲಿ ಇವನೇ ನಿರ್ಮಾಪಕನಾಗಿ ನಿಂತು ಮಾಡಿಸಿದ ‘ದ ಕಿಲ್ಲರ್ ಶ್ರೂಸ್’ ಬೇಕಾದ್ರೆ ಹೇಳ್ರಪ್ಪ, ನಾಯಿಗಳಿಗೆ ವೇಷ ಕಟ್ಟಿ ರಾಕ್ಷಸ ಇಲಿ ಅಂತ ಓಡಿಸಿದ್ದು. ಫೆಸ್ಟಸ್ ಸಿಗದೇ ಹೋಗಿದ್ರೆ ಅದೇ ಇವನ ಗುರುತಾಗಿ ಉಳೀತಿತ್ತು.

ಧಾರವಾಡ_ಪೇಢೆ:
ಅದರಾಗ ಇವನೂ ಪಾತ್ರ ಮಾಡ್ಯಾನ. ಆ ಸಿನಿಮಾಕ್ಕೂ ಮಾವನ ಕೃಪಾ ಇತ್ತೇನ್ರಿ ಕಿಟ್ಟಣ್ಣಾರ?

ಹಳೇ_ರೆಕಾರ್ಡು:
ಮೈಕ್ ಮುಂದೆ ಯಾರು ನಿಂತಿದ್ರು ಅನ್ನೋದಕ್ಕಿಂತ ಡಾರ್ಸಿ ಮನಸ್ಸಲ್ಲಿ ಯಾರಿದ್ರು ಅನ್ನೋದು ಮುಖ್ಯ.

ಸ್ವರಲಿಪಿ:
ಡಾರ್ಸಿ ಮನಸ್ಸಿಗೇ ಹೋಗಿ ಬಂದಿದ್ದೀರಿ. ಸರಿ ಸರ್, ಹೆಸರು ಮಾತ್ರ ಇನ್ನೂ ಬಂದಿಲ್ಲ.