ಮಗು ಕಟ್ಟಿಕೊಂಡು ಟ್ರಾವೆಲ್ ಸ್ಪೀಚ್ ಥೆರಪಿ: ರಿಕ್ರೂಟರ್ ಹೇಳದ ಲೆಕ್ಕ

ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಅಮೆರಿಕದಲ್ಲಿ ಟ್ರಾವೆಲ್ ಸ್ಪೀಚ್ ಥೆರಪಿಸ್ಟ್, ಅಂದರೆ ಕೆಲವು ತಿಂಗಳ ಕಾಂಟ್ರಾಕ್ಟ್ ಮೇಲೆ ಊರೂರಿಗೆ ಹೋಗಿ ಮಾತಿನ ಚಿಕಿತ್ಸೆ ಕೊಡುವವರು, ಆಗಬಹುದಾ ಅಂತ ಕೇಳಿದ್ದೀರಿ. ಆಗಬಹುದು. ಆದರೆ ಅವಳು ಕಿಂಡರ್‌ಗಾರ್ಟನ್ ಸೇರುವವರೆಗೆ ಒಂದು ಲೆಕ್ಕ, ಆಮೇಲೆ ಬೇರೆಯೇ ಲೆಕ್ಕ. ನಾನು ಎರಡನ್ನೂ ನೋಡಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರಾಗಬೇಡಿ.

ಮೊದಲು ವೀಸಾ ನೋಡಿಕೊಳ್ಳಿ. ಎಚ್‌1ಬಿಯಲ್ಲಿ (ಕಂಪನಿ ಅರ್ಜಿ ಹಾಕಿ ಕೊಡಿಸುವ ಕೆಲಸದ ವೀಸಾ) ಇದು ಬರೀ ತಲೆನೋವು. ಕೆಲಸದ ಜಾಗ ದೂರದ ಊರಿಗೆ ಹೋದರೆ ಅರ್ಜಿ ತಿದ್ದಿ ಮತ್ತೆ ಹಾಕಬೇಕು. ಗ್ರೀನ್ ಕಾರ್ಡ್ ಅಥವಾ ಇಎಡಿ (ಕೆಲಸದ ಪರವಾನಗಿ ಕಾರ್ಡ್) ಇದ್ದರೆ ಯೋಚಿಸಬಹುದು. ಮೈಸೂರಿನ ಆಯಿಷ್‌ನಲ್ಲಿ (ವಾಕ್ ಶ್ರವಣ ಸಂಸ್ಥೆ) ಓದಿ ಬಂದವರು ಇದನ್ನು ಓದುತ್ತಿರಬಹುದು, ಅವರಿಗೂ ಒಂದು ಮಾತು: ಕ್ಲಿನಿಕಲ್ ಫೆಲೋಶಿಪ್, ಅಂದರೆ ಓದು ಮುಗಿದ ಮೇಲೆ ಸೂಪರ್‌ವೈಸರ್ ಕೈಕೆಳಗೆ ಮಾಡುವ ಮೊದಲ ಕೆಲಸ, ಕನಿಷ್ಠ 36 ವಾರ, 1,260 ಗಂಟೆಯದು. ಅದನ್ನು ಊರೂರು ಸುತ್ತುತ್ತಾ ಮಾಡಬೇಡಿ. ಪಕ್ಕದಲ್ಲೇ ಕೂತು ತಿದ್ದುವ ಸೂಪರ್‌ವೈಸರ್ ಇರುವ ಕಡೆ ಮುಗಿಸಿ. ರಾಜ್ಯ ಬದಲಾದರೆ ಲೈಸೆನ್ಸ್ ಕೂಡ ನೋಡಿಕೊಳ್ಳಬೇಕು, ಅದಕ್ಕೆ ಟೈಮ್ ಹಿಡಿಯುತ್ತೆ.

ಇನ್ನು ದುಡ್ಡು. ಕೆಲಸ ಕೊಡಿಸುವ ಏಜೆನ್ಸಿಯ ರಿಕ್ರೂಟರ್ ಫೋನಿನಲ್ಲಿ ವಾರಕ್ಕೆ ಇಷ್ಟು ಅಂತ ಹೇಳಿದ್ದು ಕೇಳಿ ಕಣ್ಣರಳುತ್ತೆ. ಅದರಲ್ಲಿ ಅರ್ಧದಷ್ಟು ಮನೆ ಬಾಡಿಗೆ, ಊಟದ ಭತ್ಯೆ ಅಂತ ತೆರಿಗೆ ಇಲ್ಲದೆ ಬರುವುದು ಇರಬಹುದು. ಆ ವಿನಾಯಿತಿ ಸಿಗಬೇಕಾದರೆ ನಿಮಗೆ 'ಟ್ಯಾಕ್ಸ್ ಹೋಮ್' ಇರಬೇಕು. ಅಂದರೆ ಒಂದು ಊರಿನಲ್ಲಿ ಖಾಯಂ ಮನೆಯ ಖರ್ಚು ನಡೀತಾ ಇರಬೇಕು, ಕೆಲಸದ ಊರಿನಲ್ಲೂ ಬಾಡಿಗೆ ಕಟ್ಟುತ್ತಿರಬೇಕು. ಅಪಾರ್ಟ್‌ಮೆಂಟ್ ಖಾಲಿ ಮಾಡಿ, ಸಾಮಾನು ಸ್ಟೋರೇಜಿಗೆ ಹಾಕಿ, ಗಂಡ ಹೆಂಡತಿ ಮಗು ಮೂವರೂ ಹೊರಟರೆ ಆ ಭತ್ಯೆಗೂ ತೆರಿಗೆ ಬೀಳುತ್ತೆ. ಒಂದೇ ಊರಿನಲ್ಲಿ ವರ್ಷಕ್ಕಿಂತ ಜಾಸ್ತಿ ಇರುವ ಕೆಲಸ ಒಪ್ಪಿಕೊಂಡರೂ ಅಷ್ಟೇ. ಇನ್ನೊಂದು, ತೆರಿಗೆ ಬೀಳುವ ಸಂಬಳ ಕಾಗದದ ಮೇಲೆ ಸಣ್ಣದಾಗಿ ಕಾಣುತ್ತೆ. ನಾಳೆ ಮನೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ನೋಡುವುದು ಅದನ್ನೇ.

ಆಸ್ಪತ್ರೆ, ನರ್ಸಿಂಗ್ ಹೋಮ್ ಕಾಂಟ್ರಾಕ್ಟ್ ಸಾಮಾನ್ಯವಾಗಿ 13 ವಾರದ್ದು. ಶಾಲೆಯದು ಹೆಚ್ಚಾಗಿ ಇಡೀ ಶೈಕ್ಷಣಿಕ ವರ್ಷಕ್ಕೆ. ಮಗು ಇದ್ದರೆ ನಾನಂತೂ ಶಾಲೆಯದೇ ಹೇಳುತ್ತೇನೆ. ಅವಳಿಗೆ ರಜ ಇದ್ದಾಗ ನಿಮಗೂ ರಜ. ಸಂಬಳವೂ ರಜ, ಅದು ಬೇರೆ ಮಾತು! ಹಿಮ ಬಿದ್ದು ಶಾಲೆ ಮುಚ್ಚಿದ ದಿನಕ್ಕೆ ದುಡ್ಡು ಕೊಡುತ್ತಾರಾ, ಇಲ್ಲವಾ ಅಂತ ಸಹಿ ಹಾಕುವ ಮೊದಲು ಬರಹದಲ್ಲಿ ಕೇಳಿ.

ಕೆಲಸದ ಬಗ್ಗೆ ಕನಸು ಕಟ್ಟಿಕೊಳ್ಳಬೇಡಿ. ಖಾಯಂ ಆಗಿ ಯಾರೂ ಸಿಗದೇ ಇರುವುದಕ್ಕೇ ನಿಮ್ಮನ್ನು ಕರೆಯುವುದು. ನನಗೆ ಒಂದು ಶಾಲೆಯಲ್ಲಿ ಸಿಕ್ಕ ರೂಮು ಜಿಮ್ ಹಿಂದಿನ ಉಗ್ರಾಣ. ಬಾಸ್ಕೆಟ್‌ಬಾಲ್ ಚೀಲಗಳ ನಡುವೆ ಒಂದು ಮೇಜು, ಗೋಡೆಯಾಚೆ ದಬದಬ ಸದ್ದು. ಅಲ್ಲಿ ಕೂತು ಮಕ್ಕಳಿಗೆ 'ಸ' ಮತ್ತು 'ಶ' ವ್ಯತ್ಯಾಸ ಕೇಳಿಸಬೇಕು! ಮೇಜಿನ ಮೇಲೆ ಹಿಂದಿನವರು ಅರ್ಧಕ್ಕೆ ಬಿಟ್ಟು ಹೋದ ಐಇಪಿಗಳು, ಅಂದರೆ ವಿಶೇಷ ನೆರವು ಬೇಕಾದ ಒಂದೊಂದು ಮಗುವಿಗೂ ಶಾಲೆ ಬರೆಯುವ ಯೋಜನೆಗಳು. ಅವಕ್ಕೆ ಕಾನೂನಿನ ಗಡುವು ಇದೆ, ನೀವು ಹೊಸಬರು ಅಂತ ಅದು ಕಾಯಲ್ಲ.

ಮಗಳು ಹೊಸ ಡೇ ಕೇರಿನಲ್ಲಿ ಬಾಯೇ ಬಿಡಲ್ಲ, ಕನ್ನಡ ನಿಲ್ಲಿಸಬೇಕಾ ಅಂತಲೂ ಕೇಳಿದ್ದೀರಿ. ಖಂಡಿತ ಬೇಡ. ಹೊಸ ಭಾಷೆ ನಡುವೆ ಬಿದ್ದ ಮಗು ಕೆಲವು ತಿಂಗಳು ಸುಮ್ಮನಿರುವುದು ಸಹಜ. ಎರಡು ಭಾಷೆ ಕಲಿತರೆ ಮಾತು ತಡವಾಗುತ್ತೆ ಅನ್ನುವುದಕ್ಕೆ ಆಧಾರ ಇಲ್ಲ. ನಿಜವಾದ ತೊಂದರೆ ಇದ್ದರೆ ಅದು ಕನ್ನಡದಲ್ಲೂ ಕಾಣಬೇಕು. ನೀವೇ ಈ ಕ್ಷೇತ್ರದವರು, ಆದರೂ ತಾಯಿ ಆದ ತಕ್ಷಣ ಓದಿದ್ದೆಲ್ಲ ಮರೆತುಹೋಗುತ್ತೆ, ಅಲ್ವಾ? ಅಜ್ಜಿ ಜೊತೆ ವೀಡಿಯೊ ಕಾಲ್‌ನಲ್ಲಿ ಹೇಗೆ ಮಾತಾಡುತ್ತಾಳೆ ನೋಡಿ. ಕಥೆ ಹೇಳ್ತಾಳಾ, ಯಾಕೆ ಅಂತ ಕೇಳ್ತಾಳಾ, ಜಗಳ ಆಡ್ತಾಳಾ? ಅಲ್ಲಿ ಚೆನ್ನಾಗಿದ್ದರೆ ಗಾಬರಿ ಬೇಡ. ಅಲ್ಲೂ ತಡವರಿಸಿದರೆ ಶಾಲಾ ಜಿಲ್ಲೆಗೆ (ಆ ಊರಿನ ಸರ್ಕಾರಿ ಶಾಲೆ ನಡೆಸುವ ಕಚೇರಿ) ಬರೆದು ಮೌಲ್ಯಮಾಪನ ಕೇಳಿ. ಮೂರು ತುಂಬಿದ ಮಕ್ಕಳಿಗೆ ಅದು ಉಚಿತ, ಸಾಧ್ಯವಾದಷ್ಟು ಮಗುವಿನ ಭಾಷೆಯಲ್ಲೇ ಮಾಡಬೇಕು ಅಂತಲೂ ಕಾನೂನಿದೆ. ಐಇಪಿ ಆದ ಮೇಲೆ ರಾಜ್ಯ ಬದಲಿಸಿದರೆ, ಹೊಸ ಶಾಲೆ ತನ್ನ ನಿರ್ಧಾರ ಮಾಡುವವರೆಗೆ ಹೆಚ್ಚುಕಡಿಮೆ ಅದೇ ಸೇವೆ ಕೊಡಬೇಕು. ಪ್ರತಿಗಳು ಕೈಯಲ್ಲೇ ಇರಲಿ.

ಈಗ ನಿಮ್ಮ ಹತ್ತಿರ ಯಾವ ರಾಜ್ಯದ ಲೈಸೆನ್ಸ್ ಇದೆ, ಯಜಮಾನರ ಕೆಲಸ ಪೂರ್ತಿ ಮನೆಯಿಂದಲೇನಾ ಹೇಳಿ. ಅದು ಗೊತ್ತಾದರೆ ಎಲ್ಲಿಂದ ಶುರು ಮಾಡಬಹುದು ಅಂತ ನೋಡೋಣ.